ಕಾಲನಿ: ನೇಗಿಲ ಗೆರೆಯಿಂದ ಊರಂಚಿನವರೆಗೆ

ರೈನ್ ನದಿಯ ಎಡದಂಡೆಯ ಕೊಲೋನ್ ನಗರದಲ್ಲಿ ರೋಮನ್ನರ ಕೋಟೆಬಾಗಿಲಿನ ಒಂದು ಕಮಾನು ಉಳಿದುಬಂದಿದೆ. ಅದರ ಮೇಲೆ ಕೊರೆದಿರುವುದು ನಾಲ್ಕೇ ಅಕ್ಷರ: ಸಿ, ಸಿ, ಎ, ಎ. ಬಿಡಿಸಿ ಓದಿದರೆ ‘ಕೊಲೋನಿಯಾ ಕ್ಲೌಡಿಯಾ ಆರಾ ಅಗ್ರಿಪ್ಪಿನೆನ್ಸಿಯುಮ್’. ಕ್ಲೌಡಿಯಸ್ ಚಕ್ರವರ್ತಿಯ ಹೆಸರು, ಅಲ್ಲಿದ್ದ ಬಲಿಪೀಠದ ಹೆಸರು, ಅದೇ ಊರಿನಲ್ಲಿ ಹುಟ್ಟಿ ಅವನ ಮಡದಿಯಾದ ಅಗ್ರಿಪ್ಪಿನಾಳ ಹೆಸರು, ಇವೆಲ್ಲಕ್ಕೂ ಮುಂದೆ ಊರಿನ ದರ್ಜೆಯನ್ನಷ್ಟೇ ಹೇಳುವ ಒಂದು ಸಾಮಾನ್ಯ ಶಬ್ದ. ಕ್ರಿ.ಶ. 50ರಲ್ಲಿ ಇಟ್ಟ ಈ ಉದ್ದನೆಯ ಹೆಸರಿನಿಂದ ಚಕ್ರವರ್ತಿ ಉದುರಿಹೋದ, ರಾಣಿಯೂ ಉದುರಿದಳು, ಪೀಠವೂ ಉಳಿಯಲಿಲ್ಲ. ವೈಯಾಕರಣ ಕೇಶಿರಾಜನ ಪರಿಭಾಷೆಯಲ್ಲಿ ಹೇಳುವುದಾದರೆ, ಅಂಕಿತನಾಮಗಳೆಲ್ಲ ಅಳಿದು ರೂಢನಾಮವೊಂದೇ ಅಂಕಿತನಾಮವಾಗಿ ನಿಂತುಬಿಟ್ಟಿತು. ಕೊಲೋನಿಯಾ ಎಂಬುದೇ ಇಂಗ್ಲಿಷಿನವರಿಗೆ ಕೊಲೋನ್, ಜರ್ಮನ್ನರ ಬಾಯಲ್ಲಿ ಕ್ಯೋಲ್ನ್. ಅದೇ ಶಬ್ದ ಬೇರೊಂದು ದಾರಿಯಲ್ಲಿ ಸುತ್ತಿ ಬಂದು ನಮ್ಮ ಸಿಟಿ ಬಸ್ಸುಗಳ ಫಲಕದ ಮೇಲೆ ‘ಕಾಲನಿ’ ಎಂದು ಕುಳಿತಿದೆ. ಆ ದಾರಿಯನ್ನು ನಾವು ಅವಸರವಿಲ್ಲದೆ ನಡೆದು ನೋಡೋಣ.

ಮೊದಲು ಧಾತು. ಲ್ಯಾಟಿನ್ನಿನ ‘ಕೋಲೆರೆ’ ಎಂಬ ಕ್ರಿಯಾಪದಕ್ಕೆ ಮೂರು ಅರ್ಥ: ಉಳು, ನೆಲಸು, ಪೂಜಿಸು. ಉಳುವವನು ಕೋಲೋನುಸ್, ನೆಲಸಿದವನು ಇನ್‌ಕೋಲಾ, ಪೂಜೆ ಕುಲ್ತುಸ್, ಮತ್ತು ಬೇಸಾಯವೆಂದು ಹೊರಟು ಮನಸ್ಸಿನ ಬೇಸಾಯವಾಗಿ ಕೊನೆಗೆ ಇಂಗ್ಲಿಷಿನ ‘ಕಲ್ಚರ್’ ಆದ ಕುಲ್ತೂರಾ. ಒಂದೇ ಧಾತುವಿಗೆ ಈ ಮೂರು ಹೇಗೆ ಒದಗಿದವೆಂದು ಬೇರೆಯವರು ಬೆರಗಾಗಲಿ, ಕನ್ನಡಿಗರು ಆಗಬೇಕಿಲ್ಲ. ನಮ್ಮ ‘ಒಕ್ಕಲು’ ಯಾವ ನಂಟೂ ಇಲ್ಲದೆ ತಾನೇ ಇದೇ ಮೂರು ಹೊಲಗಳನ್ನು ಸುತ್ತಿ ಬಂದಿದೆ. ಉಳುವವನು ಒಕ್ಕಲಿಗ, ಅವನ ಕೆಲಸ ಒಕ್ಕಲುತನ. ಹೊಸ ಮನೆಗೆ ಕಾಲಿಡುವುದು ಮನೆಯೊಕ್ಕಲು. ತಲೆತಲಾಂತರದಿಂದ ಒಂದು ದೇವರಿಗೆ ನಡೆದುಕೊಳ್ಳುವ ಮನೆತನದವರು ಆ ದೇವರ ಒಕ್ಕಲು. ಗೇಣಿದಾರನೂ ಒಕ್ಕಲೇ. ಕೋಲೋನುಸ್ ಎಂಬುದನ್ನು ಕನ್ನಡಿಸಬೇಕಾದವರಿಗೆ ಇದಕ್ಕಿಂತ ಒಪ್ಪುವ ಶಬ್ದ ದೊರೆಯಲಾರದು.

ಇನ್ನೂ ಕೆಳಕ್ಕೆ ಅಗೆದರೆ ಸಿಗುವುದು ಇನ್ನೊಂದು ಸೊಗಸು. ಕೋಲೆರೆಯ ಬುಡದಲ್ಲಿರುವ ಇಂಡೋ-ಯುರೋಪಿಯನ್ ಮೂಲದ ಅರ್ಥ ತಿರುಗು, ಸುತ್ತು, ಓಡಾಡು. ಸಂಸ್ಕೃತದ ಚರ್ ಧಾತು ಅದರದ್ದೇ ಸೋದರ. ಚಕ್ರವೂ ಅದೇ ಮನೆತನದ್ದು, ಗ್ರೀಕಿನ ಕೂಕ್ಲೋಸ್, ಇಂಗ್ಲಿಷಿನ ವೀಲ್ ಕೂಡ. ಮೂಲದಲ್ಲಿದ್ದ ‘ಕ್ವ’ಕಾರ ಲ್ಯಾಟಿನ್ನಿನಲ್ಲಿ ಬಹುಮಟ್ಟಿಗೆ ಮಾಸಿದರೂ ಬಾಡಿಗೆದಾರ ಎಂಬರ್ಥದ ‘ಇನ್‌ಕ್ವಿಲೀನುಸ್’ ಶಬ್ದದಲ್ಲಿ ಅಡಗಿ ಉಳಿದಿದೆ. ಗ್ರೀಕರು ದನ ಮೇಯಿಸುವವನನ್ನು ಬೂಕೋಲೋಸ್ ಎಂದರು. ನಮ್ಮಲ್ಲಿ ಹಸು ತಿರುಗಾಡುವ ಬಯಲು ಗೋಚರವಾಗಿ, ಆಮೇಲೆ ಇಂದ್ರಿಯಗಳು ತಿರುಗಾಡುವ ಬಯಲಿಗೂ ಅದೇ ಹೆಸರಾಯಿತು. ಅಲೆದಾಡು ಎಂಬ ಧಾತುವಿನಿಂದ ನೆಲೆನಿಲ್ಲು ಎಂಬರ್ಥ ಬಂದದ್ದು ಹೇಗೆ? ಒಂದೇ ಜಾಗವನ್ನು ಮತ್ತೆ ಮತ್ತೆ ಸುತ್ತುವವನು ಆ ಜಾಗದವನಾಗುತ್ತಾನೆ. ಸುತ್ತುವುದರಿಂದ ಪರಿಚಯ, ಪರಿಚಯದಿಂದ ಆರೈಕೆ, ಆರೈಕೆಯಿಂದ ಬೇಸಾಯ ಮತ್ತು ಪೂಜೆ. ಜಂಗಮ ಧಾತುವಿನಿಂದ ಸ್ಥಾವರ ನಾಮ ಹುಟ್ಟಿದ ಬಗೆ ಇದು. ಕಾಲನಿಗೂ ಚರಿತ್ರೆಗೂ, ಕಾಲನಿಗೂ ಆಚಾರಕ್ಕೂ ಹೀಗೆ ರಕ್ತಸಂಬಂಧವಿದೆ.

ಕೋಲೋನುಸ್‌ನಿಂದ ಕೊಲೋನಿಯಾ: ಒಕ್ಕಲಿನವರ ನೆಲೆ. ಆದರೆ ರೋಮನ್ನರ ಬಾಯಲ್ಲಿ ಅದು ತಾನಾಗಿ ಬೆಳೆದ ಹಳ್ಳಿಯಲ್ಲ. ಅವರ ನುಡಿಗಟ್ಟು ‘ಕೊಲೋನಿಯಾಮ್ ದೇದೂಕೆರೆ’, ಒಕ್ಕಲನ್ನು ಕರೆದೊಯ್ದು ಇಳಿಸುವುದು. ರಾಜ್ಯ ನೇಮಿಸಿದ ಮೂವರು ಅಧಿಕಾರಿಗಳು ಪಟ್ಟಿ ಹಿಡಿದು ಜನರನ್ನು ಕರೆದೊಯ್ಯುತ್ತಿದ್ದರು. ಗೊತ್ತಾದ ಜಾಗದಲ್ಲಿ ಎತ್ತು ಹೊರಬದಿಗೆ, ಹಸು ಒಳಬದಿಗೆ ಇರುವಂತೆ ಜೋಡಿ ಕಟ್ಟಿ, ಸ್ಥಾಪಕನು ಕಂಚಿನ ಗುಳದ ನೇಗಿಲಿನಿಂದ ಊರಿನ ಸುತ್ತ ಮೊದಲ ಗೆರೆ ಎಳೆಯುತ್ತಿದ್ದ. ಮಣ್ಣಿನ ಹೆಂಟೆ ಒಳಗೆ ಬೀಳಬೇಕು. ಬಾಗಿಲು ಬರುವಲ್ಲಿ ನೇಗಿಲನ್ನು ಎತ್ತಿಕೊಂಡು ದಾಟಬೇಕು. ಎತ್ತಿಕೊಂಡು ಹೋಗುವುದು ‘ಪೋರ್ತಾರೆ’ ಆದ್ದರಿಂದಲೇ ಬಾಗಿಲು ‘ಪೋರ್ತಾ’ ಆಯಿತೆಂದು ಹಳೆಯ ರೋಮನ್ ವಿದ್ವಾಂಸರು ಅರ್ಥ ಹೇಳುತ್ತಿದ್ದರು. ನಮ್ಮ ನಿರುಕ್ತಕಾರರ ಮೆಚ್ಚಿನ ಜಾಣ್ಮೆಯ ಜಾತಿಗೇ ಸೇರಿದ ವಿವರಣೆ ಅದು. ನೇಗಿಲ ಗೆರೆಗೆ ಸಂಸ್ಕೃತದಲ್ಲಿ ‘ಸೀತಾ’ ಎಂದು ಹೆಸರಿರುವುದು, ಕೌಟಿಲ್ಯನು ಅರಸನ ಹೊಲಗಳ ಮೇಲ್ವಿಚಾರಕನನ್ನು ಸೀತಾಧ್ಯಕ್ಷನೆಂದು ಕರೆದಿರುವುದು ಇಲ್ಲಿ ನೆನಪಾದರೆ ತಪ್ಪಲ್ಲ.

ಗೆರೆಯ ಹಿಂದೆಯೇ ಅಳತೆ ಬಂತು. ಅಡ್ಡಪಟ್ಟಿಯಿಂದ ತೂಗುಬಟ್ಟುಗಳು ಇಳಿಬಿದ್ದ ‘ಗ್ರೋಮಾ’ ಎಂಬ ಉಪಕರಣ ಹಿಡಿದ ಅಳತೆಗಾರರು ನೆಲವನ್ನು ಚೌಕಚೌಕವಾಗಿ ಕೊಯ್ದರು: ಒಂದು ಚೌಕದ ಬದಿ 2,400 ರೋಮನ್ ಅಡಿ, ಅಂದರೆ ಸುಮಾರು 710 ಮೀಟರ್, ಒಳಗಿನ ನೆಲ 200 ಯೂಗೆರುಮ್. ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ ಯೂಗೆರುಮ್. ಅದರ ಒಡಲಲ್ಲಿರುವ ‘ಯೂಗುಮ್’ ಎಂದರೆ ನೊಗ, ಸಂಸ್ಕೃತದ ಯುಗ, ಯುಗ್ಮಗಳ ಸೋದರ. ಚೌಕಗಳ ನಡುವಿನ ಬದುವಿನ ದಾರಿಗೆ ‘ಲೀಮೆಸ್’ ಎಂದು ಹೆಸರು. ಹೊಲದ ಬದುವಾಗಿದ್ದ ಈ ಲೀಮೆಸ್ ದಂಡು ನಡೆಯುವ ದಾರಿಯಾಗಿ, ದಾರಿಯ ಕಾವಲುಸಾಲಾಗಿ, ಕೊನೆಗೆ ಸಾಮ್ರಾಜ್ಯದ ಗಡಿಯೇ ಆಯಿತು. ರೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಜೋಡಿಸಿದ ಸುಮಾರು 550 ಕಿಲೋಮೀಟರ್ ಉದ್ದದ ಬೇಲಿ, ಗೋಪುರ, ಕೋಟೆಗಳ ಸಾಲನ್ನು ಇಂದು ಆ ಹೆಸರಿನಿಂದಲೇ ಗುರುತಿಸುತ್ತಾರೆ. ನಮ್ಮ ‘ಪ್ರೈವೇಟ್ ಲಿಮಿಟೆಡ್’, ‘ಲಿಮಿಟೆಡ್ ಸ್ಟಾಪ್’ ಬಸ್ಸುಗಳೆಲ್ಲ ಆ ಬದುವಿನ ಮೇಲೆಯೇ ಓಡುತ್ತಿವೆ. ಕೊಲೋನಿಯಾ ಮತ್ತು ಲೀಮೆಸ್ ಹೀಗೆ ಒಂದೇ ಹೊಲದಲ್ಲಿ ಹುಟ್ಟಿದ ಶಬ್ದಗಳು. ಗಡಿಯಲ್ಲಿ ಮತ್ತೆ ಜೊತೆಯಾದದ್ದು ಆಕಸ್ಮಿಕವಲ್ಲ.

ಏಕೆಂದರೆ ಆ ಹೊತ್ತಿಗೆ ಕರೆದೊಯ್ಯುವವರೂ ಬದಲಾಗಿದ್ದರು, ಹೋಗುವವರೂ ಬದಲಾಗಿದ್ದರು. ಭೂಮಿಯಿಲ್ಲದ ಬಡ ನಾಗರಿಕನ ಜಾಗದಲ್ಲಿ ಸೇವೆ ಮುಗಿಸಿದ ಸೈನಿಕ ನಿಂತ. ಸೇವೆ ಪೂರೈಸಿದವನು ‘ಎಮೆರಿತುಸ್’, ಅಂಥವರಿಗೆಂದು ಕ್ರಿ.ಪೂ. 25ರಲ್ಲಿ ಸ್ಪೇನಿನ ಗುವಾದಿಯಾನಾ ನದಿಯ ದಂಡೆಯಲ್ಲಿ ಕಟ್ಟಿದ ಕೊಲೋನಿಯಾಕ್ಕೆ ಎಮೆರಿತಾ ಎಂದೇ ಹೆಸರು, ಇಂದಿನ ಮೆರಿದಾ. ನಮ್ಮ ವಿಶ್ವವಿದ್ಯಾಲಯಗಳ ಎಮೆರಿಟಸ್ ಪ್ರಾಧ್ಯಾಪಕರು ತಿಳಿದೋ ತಿಳಿಯದೆಯೋ ಆ ಮುದಿ ಸೈನಿಕರ ಪದವಿಯನ್ನೇ ಧರಿಸಿದ್ದಾರೆ.

ಅದೇ ವರ್ಷ ಆಲ್ಪ್ಸ್ ಬೆಟ್ಟಗಳ ನಡುವೆ ನಡೆದದ್ದು ಈ ಶಬ್ದದ ಬೆನ್ನಿನ ಬದಿಯನ್ನು ತೋರಿಸುತ್ತದೆ. ಕಣಿವೆಯ ದಾರಿಗಳನ್ನು ಹಿಡಿದಿದ್ದ ಸಲಾಸ್ಸಿ ಜನರನ್ನು ರೋಮನ್ ಸೇನಾಪತಿ ತೆರೆಂತಿಯುಸ್ ವಾರ್ರೋ ಸೋಲಿಸಿದ. ಸೆರೆಸಿಕ್ಕ 36,000 ಜನರನ್ನೂ ಅವರಲ್ಲದೆ 8,000 ಯೋಧರನ್ನೂ ಗುಲಾಮರಾಗಿ ಹರಾಜು ಹಾಕಲಾಯಿತೆಂದು ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ದಂಡು ಬೀಡುಬಿಟ್ಟಿದ್ದ ಜಾಗದಲ್ಲೇ 3,000 ರೋಮನ್ನರನ್ನು ಇಳಿಸಿ ಕಟ್ಟಿದ ಊರು ಔಗುಸ್ತಾ ಪ್ರೇತೋರಿಯಾ, ಇಂದಿನ ಆವೊಸ್ತಾ. ನಮ್ಮ ‘ಒಕ್ಕಲು’ ಶಬ್ದದ ಪಕ್ಕದಲ್ಲೇ ‘ಒಕ್ಕಲೆಬ್ಬಿಸು’ ಎಂಬುದು ಇದೆಯಷ್ಟೆ. ನೆಲಸುವುದು ಮತ್ತು ಕೀಳುವುದು ಎರಡೂ ಒಂದೇ ಪದದ ಹೊಟ್ಟೆಯಲ್ಲಿರುವುದರಿಂದ ಕನ್ನಡದಲ್ಲಿ ಒಂದನ್ನು ಹೇಳಿದಾಗ ಇನ್ನೊಂದು ಕಿವಿಗೆ ತಾಗುತ್ತದೆ. ಕೊಲೋನಿಯಾ ಎಂಬ ಶಬ್ದಕ್ಕೆ ಆ ಪ್ರಾಮಾಣಿಕತೆ ಇಲ್ಲ. ಇಳಿದವರನ್ನು ಮಾತ್ರ ಎಣಿಸುತ್ತದೆ, ಎದ್ದವರನ್ನು ಹೇಳುವುದಿಲ್ಲ.

ಬ್ರಿಟನ್ನಿನ ಕಮುಲೋದೂನುಮ್‌ನಲ್ಲಿ, ಅಂದರೆ ಇಂದಿನ ಕಾಲ್ಚೆಸ್ಟರಿನಲ್ಲಿ, ಆ ಮೌನ ಬಹಳ ದಿನ ನಡೆಯಲಿಲ್ಲ. ಕ್ರಿ.ಶ. 49ರಲ್ಲಿ ಅಲ್ಲಿ ಇಳಿದ ಹಳೆಯ ಸೈನಿಕರು ಸ್ಥಳೀಯರನ್ನು ಮನೆಯಿಂದ, ಹೊಲದಿಂದ ಅಟ್ಟಿ ಗುಲಾಮರೆಂದು ಹೀಗಳೆಯುತ್ತಿದ್ದರೆಂದು ರೋಮನ್ನನೇ ಆದ ಇತಿಹಾಸಕಾರ ತಾಸಿತುಸ್ ಬರೆಯುತ್ತಾನೆ. ಗೋಡೆಯನ್ನೂ ಕಟ್ಟಿಕೊಳ್ಳದಷ್ಟು ಧೈರ್ಯವಿದ್ದ ಆ ಕೊಲೋನಿಯಾವನ್ನು 60-61ರ ದಂಗೆಯಲ್ಲಿ ಸ್ಥಳೀಯ ರಾಣಿ ಬೌದಿಕಾಳ ಪಡೆ ಸುಟ್ಟುಹಾಕಿತು. ಹತ್ತು ವರ್ಷದೊಳಗೆ ರೈನ್ ದಂಡೆಯ ಕೊಲೋನಿಯಾಕ್ಕೂ ಅಂಥದೇ ಗಳಿಗೆ ಬಂತು. ಬತಾವಿಯರ ದಂಗೆಯಲ್ಲಿ ನದಿಯಾಚೆಯ ತೆಂಕ್ತೆರಿ ಜನ ಬಂದು, ಗೋಡೆ ಕೆಡವಿ, ನಿಮ್ಮಲ್ಲಿರುವ ರೋಮನ್ನರನ್ನೆಲ್ಲ ಕೊಂದುಹಾಕಿ ಎಂದರು. ಊರಿನವರಾದ ಉಬಿಯರ ಉತ್ತರ ತಾಸಿತುಸ್‌ನಲ್ಲಿದೆ: ಹಿಂದೆ ಇಲ್ಲಿಗೆ ಬಂದಿಳಿದವರೊಂದಿಗೆ ನಾವು ಮದುವೆ ಸಂಬಂಧ ಬೆಳೆಸಿದ್ದೇವೆ, ಅವರ ಮಕ್ಕಳು ನಮ್ಮ ಮಕ್ಕಳು, ಹೆತ್ತವರನ್ನೂ ಒಡಹುಟ್ಟಿದವರನ್ನೂ ಕೊಲ್ಲಿ ಎನ್ನುವುದು ನ್ಯಾಯವೇ ಎಂಬುದು ಅದರ ತಾತ್ಪರ್ಯ. ಉಬಿಯರನ್ನೂ ಒಂದು ಕಾಲಕ್ಕೆ ಅಗ್ರಿಪ್ಪಿನಾಳ ತಾತ ಅಗ್ರಿಪ್ಪನೇ ಬಲದಂಡೆಯಿಂದ ಎಡದಂಡೆಗೆ ತಂದು ನೆಲೆಗೊಳಿಸಿದ್ದ. ಕೂಡಿಸಿದ ಎರಡು ಒಕ್ಕಲುಗಳು ಇಪ್ಪತ್ತೇ ವರ್ಷದಲ್ಲಿ ಬೀಗರಾಗಿದ್ದವು. ಒಂದೇ ಶಬ್ದ ಒಂದು ಗಡಿಯಲ್ಲಿ ಬೆಂಕಿಯನ್ನೂ ಇನ್ನೊಂದು ಗಡಿಯಲ್ಲಿ ನೆಂಟಸ್ತಿಕೆಯನ್ನೂ ಹೆತ್ತಿತು.

ಎರಡನೆಯ ಶತಮಾನಕ್ಕೆ ಬಂದರೆ ಶಬ್ದ ಮೆಲ್ಲಗೆ ಮಗ್ಗುಲು ಬದಲಿಸುವುದನ್ನು ಕಾಣುತ್ತೇವೆ. ಡೇಸಿಯಾವನ್ನು ಗೆದ್ದ ಚಕ್ರವರ್ತಿ ತ್ರಾಯಾನನು ಬಯಲಿನಲ್ಲಿ ಕಟ್ಟಿಸಿದ ಊರಿಗೆ, ಸುಮಾರು 40 ಕಿಲೋಮೀಟರ್ ದೂರದ ಬೆಟ್ಟದ ಮೇಲಿದ್ದ ಅಲ್ಲಿನ ಅರಸ ದೆಕೆಬಾಲುಸ್‌ನ ರಾಜಧಾನಿಯ ಹೆಸರೇ ಬಂದು ಅಂಟಿಕೊಂಡಿತು: ಕೊಲೋನಿಯಾ ಉಲ್ಪಿಯಾ ತ್ರಾಯಾನಾ ಔಗುಸ್ತಾ ದಾಕಿಕಾ ಸರ್ಮಿಜೆಗೆತುಸಾ. ಇಲ್ಲಿ ಇನ್ನೂ ನಿಜವಾದ ಇಳಿಸುವಿಕೆ ಇದೆ. ಸಾಮ್ರಾಜ್ಯದ ಎಲ್ಲ ಮೂಲೆಗಳಿಂದ ಜನರನ್ನು ತಂದು ಹೊಲಗಳನ್ನೂ ಊರುಗಳನ್ನೂ ತ್ರಾಯಾನನು ತುಂಬಿಸಿದನೆಂದು ಇತಿಹಾಸಕಾರ ಎವುತ್ರೋಪಿಯುಸ್ ಹೇಳುತ್ತಾನೆ. ಆದರೆ ಡ್ಯಾನ್ಯೂಬ್ ದಂಡೆಯ ಕಾರ್ನುಂತುಮ್ ಮತ್ತು ಇಂದಿನ ಬುದಾಪೆಸ್ಟಿನ ಅಕ್ವಿಂಕುಮ್‌ಗಳಲ್ಲಿ ನಡೆದದ್ದು ಬೇರೆ. ಅಲ್ಲಿ ಮೊದಲಿದ್ದದ್ದು ದಂಡಿನ ಕೋಟೆ. ಅದಕ್ಕೆ ಆತುಕೊಂಡು ವ್ಯಾಪಾರಿಗಳು, ಕುಶಲಕರ್ಮಿಗಳು, ಸೈನಿಕರ ಹೆಂಗಸರು ಮಕ್ಕಳು ಇದ್ದ ‘ಕನಾಬೇ’, ಎಂದರೆ ಗುಡಿಸಲು ಮಳಿಗೆಗಳ ಕೇರಿ. ಬೆಂಗಳೂರಿನವರು ದಂಡು, ಪಾಳ್ಯ ಎಂದಾಗ ಮನಸ್ಸಿಗೆ ಬರುವಂಥದ್ದು. ಸೈನಿಕ ಸೇವೆಯಲ್ಲಿರುವಷ್ಟು ಕಾಲ ಮದುವೆಗೆ ಕಾನೂನಿನ ಮನ್ನಣೆ ಇರಲಿಲ್ಲವಾದ್ದರಿಂದ ಸಂಸಾರಗಳೆಲ್ಲ ಈ ಕೇರಿಯಲ್ಲೇ ಬೆಳೆದವು. ಅಲ್ಲಿಂದ ತುಸು ದೂರದಲ್ಲಿ ನಾಗರಿಕರ ಊರು ಬೇರೆ. ಅದು ಮೊದಲು ಮುನಿಕಿಪಿಯುಮ್ ಆಗಿ, ಆಮೇಲೆ 194ರಲ್ಲಿ ಸೆಪ್ತಿಮಿಯುಸ್ ಸೆವೆರುಸ್‌ನಿಂದ ಕೊಲೋನಿಯಾ ಎನಿಸಿತು. ಹಿಂದಿನ ವರ್ಷವಷ್ಟೇ ಕಾರ್ನುಂತುಮ್‌ನ ಸೈನ್ಯ ಅವನನ್ನು ಚಕ್ರವರ್ತಿಯೆಂದು ಘೋಷಿಸಿತ್ತು, ಋಣ ತೀರಿತು. ಯಾರನ್ನೂ ಕರೆತರಲಿಲ್ಲ, ಗೆರೆ ಎಳೆಯಲಿಲ್ಲ, ಹೊಲ ಹಂಚಲಿಲ್ಲ. ಕ್ರಿಯೆಯಾಗಿದ್ದ ಶಬ್ದ ಬಿರುದಾಯಿತು.

ಈ ಜಾರುವಿಕೆಯನ್ನು ಅದರ ಕಾಲದಲ್ಲೇ ಗಮನಿಸಿದ ಶಬ್ದಪ್ರಿಯನೊಬ್ಬ ಸಿಂಹಾಸನದ ಮೇಲಿದ್ದ. ತನ್ನ ಮನೆತನದ ಊರಾದ ಸ್ಪೇನಿನ ಇತಾಲಿಕಾದವರು ತಮ್ಮನ್ನು ಮುನಿಕಿಪಿಯುಮ್‌ನಿಂದ ಕೊಲೋನಿಯಾಕ್ಕೆ ಏರಿಸಿ ಎಂದು ಬೇಡಿಕೊಂಡಾಗ ಹಾದ್ರಿಯಾನನು ಅಚ್ಚರಿಪಟ್ಟನಂತೆ: ಮುನಿಕಿಪಿಯುಮ್ ಆದರೆ ಸ್ವಂತ ಕಟ್ಟಳೆಗಳಿಂದ ಬದುಕಬಹುದು, ಕೊಲೋನಿಯಾಕ್ಕೆ ರೋಮಿನ ಕಟ್ಟಳೆಯೇ ಕಟ್ಟಳೆ, ಇದ್ದ ಸ್ವಾತಂತ್ರ್ಯ ಬಿಟ್ಟು ಬಿರುದು ಬೇಡುವುದೇಕೆ? ಈ ಪ್ರಸಂಗವನ್ನು ದಾಖಲಿಸಿದ ಔಲುಸ್ ಗೆಲ್ಲಿಯುಸ್ ಕಾರಣವನ್ನೂ ಹೇಳುತ್ತಾನೆ: ಕೊಲೋನಿಯಾಗಳು ರೋಮಿನ ಚಿಕ್ಕ ಚಿಕ್ಕ ಪಡಿಯಚ್ಚುಗಳಂತೆ ಕಾಣುತ್ತಿದ್ದುದರಿಂದ, ಪಾರತಂತ್ರ್ಯ ಹೆಚ್ಚಾದರೂ ಘನತೆ ಹೆಚ್ಚೆಂದು ಜನ ಬಗೆದರು.

ಬಿರುದಿಗೂ ಆಯುಷ್ಯವಿರುತ್ತದೆ. 212ರಲ್ಲಿ ಕಾರಕಲ್ಲನು ಸಾಮ್ರಾಜ್ಯದ ಸ್ವತಂತ್ರರಿಗೆಲ್ಲ ಪೌರತ್ವ ಕೊಟ್ಟ ಮೇಲೆ ಕೊಲೋನಿಯಾ ಎಂಬುದರ ಬೆಲೆ ತೆಳುವಾಯಿತು. ಅತ್ತ ಮೂಲಪದ ಕೋಲೋನುಸ್‌ನ ಗತಿ ಇನ್ನೂ ಕೆಟ್ಟದಾಯಿತು: ಉಳುವ ನಾಗರಿಕ ಎಂಬುದರಿಂದ ಗೇಣಿದಾರ, ಗೇಣಿದಾರನಿಂದ ಭೂಮಿಗೆ ಕಟ್ಟಿಹಾಕಿದ ಆಳು. ಓಡಿಹೋಗಲು ನೋಡುವ ಕೋಲೋನುಸ್‌ಗೆ ಸಂಕೋಲೆ ತೊಡಿಸಬಹುದೆಂದು 332ರ ಕಾನ್‌ಸ್ಟಂಟೈನನ ಶಾಸನ ವಿಧಿಸುತ್ತದೆ. ನೆಲ ಪಡೆದವನ ಹೆಸರು ನೆಲಕ್ಕೆ ಬಿದ್ದವನ ಹೆಸರಾಯಿತು. ಊರ ಹೆಸರುಗಳಲ್ಲಿ ಶಬ್ದ ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತು ಎನ್ನುವುದಕ್ಕೆ ನಿಯಮವಿಲ್ಲ. ರೈನ್ ದಂಡೆಯಲ್ಲೇ ಇದ್ದ ತ್ರಾಯಾನನ ಕೊಲೋನಿಯಾ, ಸಂತರ ಸಮಾಧಿಯ ಬಳಿ ಎಂಬರ್ಥದ ‘ಆದ್ ಸಾಂಕ್ತೋಸ್’ ಎಂಬುದರಿಂದ ಸಾಂಟೆನ್ ಆಯಿತು. ಬ್ರಿಟನ್ನಿನ ಲಿಂದುಮ್ ಕೊಲೋನಿಯಾ ಇತಿಹಾಸಕಾರ ಬೀಡನ ಬರಹದಲ್ಲಿ ಲಿಂದೋಕೊಲಿನಾ ಆಗಿ, ಲಿಂಕನ್ ಆಗಿ ಸವೆಯಿತು. ಗುಲಾಮಗಿರಿಯನ್ನು ತೊಡೆದ ಅಮೆರಿಕದ ಅಧ್ಯಕ್ಷನ ಮನೆತನದ ಹೆಸರಿನ ಕೊನೆಯಲ್ಲಿ ಹೀಗೆ ಒಂದು ರೋಮನ್ ಕೊಲೋನಿಯಾ ನಿದ್ರಿಸುತ್ತಿದೆ. ಕೊಲೋನ್ ನಗರವಾದರೋ 1919ರಲ್ಲಿ ಮೊದಲಕ್ಷರವನ್ನು ಸಿ ಬಿಟ್ಟು ಕೆ ಮಾಡಿಕೊಂಡಿತು. ಅಷ್ಟರೊಳಗೆ, 1709ರಲ್ಲಿ ಅಲ್ಲಿ ತೊಡಗಿದ ಫರೀನಾ ಮನೆತನದ ಸುಗಂಧಜಲ ಲೋಕವನ್ನೆಲ್ಲ ಸುತ್ತಿ, ನಮ್ಮಲ್ಲಿ ಜ್ವರ ಬಂದವರ ಹಣೆಯ ಒದ್ದೆ ಬಟ್ಟೆಗೆ ಯೂ ಡಿ ಕೊಲೋನ್ ಆಗಿ ತಲುಪಿತ್ತು.

ಹದಿನಾರನೆಯ ಶತಮಾನದಲ್ಲಿ ಯುರೋಪಿನವರು ಕಡಲಾಚೆಯ ನೆಲಗಳಿಗೆ ಜನರನ್ನು ಇಳಿಸತೊಡಗಿದಾಗ ಹಳೆಯ ಗ್ರಂಥಗಳಿಂದ ಈ ಶಬ್ದವನ್ನು ಮತ್ತೆ ಎತ್ತಿಕೊಂಡರು. ಇಂಗ್ಲಿಷರು ಮೊದಮೊದಲು ‘ಪ್ಲಾಂಟೇಶನ್’ ಎಂಬುದನ್ನೂ ಅದೇ ಅರ್ಥದಲ್ಲಿ ಬಳಸುತ್ತಿದ್ದರು. ಐರ್ಲೆಂಡಿನ ಅಲ್ಸ್‌ಟರಿನಲ್ಲಿ ನೆಟ್ಟದ್ದು ಗಿಡಗಳನ್ನಲ್ಲ, ಜನರನ್ನು. ಆಮೇಲೆ ಎರಡು ಶಬ್ದಗಳೂ ಜಾಗ ಅದಲುಬದಲು ಮಾಡಿಕೊಂಡವು: ಜನ ನೆಡುವುದೆಂಬ ಪ್ಲಾಂಟೇಶನ್ ಬೆಳೆಯ ತೋಟವಾಗಿ ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡಗಳ ನಡುವೆ ನೆಲಸಿತು, ಬೆಳೆ ಬೆಳೆಯುವವನಿಂದ ಹುಟ್ಟಿದ ಕಾಲನಿ ಜನ ನೆಡುವುದಕ್ಕೆ ಮೀಸಲಾಯಿತು. ಬ್ರಿಟಿಷರ ಆಡಳಿತದ ಕಡತಗಳಲ್ಲಿ ಭಾರತ ಕಾಲನಿಯಾಗಿರಲಿಲ್ಲ. ಕಾಲನಿಗಳ ಕಚೇರಿ ಬೇರೆ, ಇಂಡಿಯಾ ಆಫೀಸ್ ಬೇರೆ. ಹಾಗಿದ್ದೂ ಆ ಅನುಭವಕ್ಕೆ ಹೆಸರಿಡಬೇಕಾಗಿ ಬಂದಾಗ ಕನ್ನಡ ವಿದ್ವತ್ತು ಮರಾಠಿಯ ‘ವಸಾಹತ್’ ಅನ್ನು ಬರಮಾಡಿಕೊಂಡು, ಅದಕ್ಕೆ ಪಾರಸಿಯ ಬಾಲ ಜೋಡಿಸಿ ವಸಾಹತುಶಾಹಿ ಎಂದಿತು. ವಸ್ ಧಾತು ನಮಗೆ ಹಳೆಯದೇ. ವಸತಿ ಅದರದ್ದು, ವಸತಿಯ ತದ್ಭವವಾದ ಬಸದಿಯೂ ಅದರದ್ದು. ಹೀಗೆ ಒಂದು ಲ್ಯಾಟಿನ್ ಶಬ್ದದ ಆಸ್ತಿಯನ್ನು ಕನ್ನಡ ಪಾಲು ಮಾಡಿತು: ದಬ್ಬಾಳಿಕೆಯ ಅರ್ಥ ವಸಾಹತುವಿಗೆ, ವಾಸದ ಅರ್ಥ ಕಾಲನಿಗೆ. ‘ಕೈಗಾರಿಕಾ ವಸಾಹತು’ ಎಂಬಲ್ಲಿ ಮಾತ್ರ ಬೇಲಿ ತುಸು ಸರಿದಿದೆ.

ವಾಸದ ಪಾಲನ್ನು ಪಡೆದ ಕಾಲನಿ ಎಷ್ಟು ಕವಲೊಡೆಯಿತೆಂದು ನೋಡಿ: ರೈಲ್ವೆ ಕಾಲನಿ, ಕೆಇಬಿ ಕಾಲನಿ, ಶಿಕ್ಷಕರ ಕಾಲನಿ, ಬ್ಯಾಂಕ್ ಕಾಲನಿ, ಜನತಾ ಕಾಲನಿ, ನಿರಾಶ್ರಿತರ ಕಾಲನಿ, ಬೈಲುಕುಪ್ಪೆಯ ಟಿಬೆಟನ್ನರ ಕಾಲನಿ, ಬರಹದಲ್ಲಿ ಕಾಲೊನಿ, ಕಾಲೋನಿ, ಆಡುಮಾತಿನಲ್ಲಿ ಕಾಲ್ನಿ. ಮಾಜಿ ಸೈನಿಕರ ಕಾಲನಿ ಎಂಬ ಫಲಕ ಕಂಡಾಗಲಂತೂ ನಾವು ಟೋಪಿ ತೆಗೆದು ನಿಲ್ಲಬೇಕು, ಶಬ್ದ ಎರಡು ಸಾವಿರ ವರ್ಷಗಳ ಮೇಲೆ ತನ್ನ ಹಳೆಯ ಅರ್ಥವನ್ನು ತಾನೇ ಮುಟ್ಟಿದೆ. ಇನ್ನು ತುಂಗಭದ್ರಾ ಕಾಲುವೆಯ ನೀರಿಗೆ ಆಂಧ್ರದಿಂದ ಬಂದು ಗಂಗಾವತಿ, ಸಿಂಧನೂರು ಸುತ್ತ ನೆಲಸಿದ ರೈತರ ಊರುಗಳನ್ನು ಕೊಲೋನಿಯಾ ಎಂದಿದ್ದರೆ ರೋಮನ್ನನಿಗೆ ಒಪ್ಪಿಗೆಯಾಗುತ್ತಿತ್ತು. ಜನ ಕರೆಯುವುದು ‘ಕ್ಯಾಂಪು’ ಎಂದು. ಉಳುವವನಿಗೆ ದಂಡಿನ ಶಬ್ದ, ದಂಡಿನವನಿಗೆ ಉಳುವವನ ಶಬ್ದ.

ಈ ಎಲ್ಲ ಬಗೆಗಳಲ್ಲಿ ಕೂಡಿಬಂದಿರುವ ಗುಣ ಒಂದೇ: ಊರು ಬೆಳೆಯುತ್ತದೆ, ಕಾಲನಿಯನ್ನು ಅಳೆದು ಕೊಡುತ್ತಾರೆ. ಕೌಟಿಲ್ಯನ ‘ಜನಪದನಿವೇಶ’ ಪ್ರಕರಣದಲ್ಲೂ ಇದೇ ಇದೆ; ನೂರರಿಂದ ಐನೂರು ಕುಟುಂಬಗಳ ಹಳ್ಳಿಗಳನ್ನು ಅರಸ ತಾನೇ ನಿಂತು ನೆಲೆಗೊಳಿಸಬೇಕು. ನಿವೇಶವೆಂದರೆ ದಂಡಿನ ಬೀಡೂ ಹೌದು, ಅದರ ಮರಿಮಗನೇ ಇಂದಿನ ಮೂವತ್ತು-ನಲವತ್ತರ ನಿವೇಶನ. ಅಳೆದು ಕೊಡುವ ಕೈ ಇರುವಲ್ಲಿ ಪಡೆಯುವ ಕೈ ಎಲ್ಲಿ ನಿಂತಿದೆ ಎಂಬುದರ ಮೇಲೆ ಶಬ್ದದ ಮರ್ಯಾದೆ ನಿಲ್ಲುತ್ತದೆ. ರೋಮನ್ ಸೈನಿಕ ಆಳುವವರ ಪೈಕಿಯವನು, ಆದ್ದರಿಂದ ಗಡಿಯಲ್ಲಿದ್ದರೂ ಅವನ ನೆಲೆ ನಡುಮನೆಯಾಯಿತು. ನಮ್ಮ ಹಳ್ಳಿಗಳಲ್ಲಿ ಬರೀ ‘ಕಾಲನಿ’ ಎಂದರೆ ಸರ್ಕಾರ ದಲಿತರಿಗೆ ಊರ ಹೊರಗೆ ಕಟ್ಟಿಕೊಟ್ಟ ಮನೆಗಳು. ಹಳೆಯ ಕೇರಿಯ ಹೆಸರುಗಳ ಕಹಿಯನ್ನು ಮರೆಸಲು ಬಂದ ಎ.ಕೆ. ಕಾಲನಿ, ಹರಿಜನ ಕಾಲನಿ, ಅಂಬೇಡ್ಕರ್ ಕಾಲನಿಗಳು ಒಂದೆರಡು ತಲೆಮಾರಿನಲ್ಲಿ ಆ ಕಹಿಯನ್ನೇ ಹೀರಿಕೊಂಡವು, ‘ಕಾಲನಿಯವರು’ ಎಂಬುದು ಜಾತಿಯ ಹೆಸರು ಹೇಳದೆ ಜಾತಿಯನ್ನು ಹೇಳುವ ಉಪಾಯವಾಯಿತು. ನೆರೆಯ ಕೇರಳದಲ್ಲಿ 2024ರ ಜೂನ್‌ನಲ್ಲಿ ಸರ್ಕಾರ ಪರಿಶಿಷ್ಟರ ವಾಸಸ್ಥಾನಗಳಿಗೆ ಕಾಲನಿ ಎಂಬ ಹೆಸರು ಇನ್ನು ಬೇಡ, ನಗರ ಮೊದಲಾದ ಹೆಸರುಗಳಿರಲಿ ಎಂದು ಆದೇಶಿಸಿತು.

ಇತಾಲಿಕಾದವರು ಹಾದ್ರಿಯಾನನ ಮುಂದೆ ನಿಂತು ಬೇಡಿದ್ದು ಈ ಶಬ್ದವನ್ನೇ. ಕೇರಳ ಕಳಚಿಹಾಕಿದ್ದೂ ಇದನ್ನೇ. ಇಬ್ಬರಲ್ಲಿ ಯಾರೂ ಶಬ್ದವನ್ನು ತಪ್ಪಾಗಿ ತಿಳಿದಿರಲಿಲ್ಲ. ಆದ್ದರಿಂದ ನಮ್ಮ ನಿಘಂಟುಗಳು ಕಾಲನಿಗೆ ‘ಬಡಾವಣೆ, ವಸತಿ ಪ್ರದೇಶ’ ಎಂದಷ್ಟೇ ಬರೆದು ಮುಂದೆ ಹೋಗುವುದು ಸಾಲದು. ‘ಆಳುವವರು ಅಳೆದು ಹಂಚಿದ ನೆಲೆ’ ಎಂಬುದನ್ನು ಮೊದಲ ಅರ್ಥವಾಗಿ ಕೊಟ್ಟು, ‘ಪಡೆದವರ ಸ್ಥಾನವನ್ನನುಸರಿಸಿ ಗೌರವಾರ್ಥಕ ಅಥವಾ ಹೀನಾರ್ಥಕ’ ಎಂಬ ಟಿಪ್ಪಣಿಯನ್ನು ಅದರ ಪಕ್ಕದಲ್ಲೇ ಸೇರಿಸಬೇಕು.